ಬೀಗಕ್ಕೊಂದು ದೀರ್ಘ

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಅಂಚೆಯವನಿಗೆ ಮಾತ್ರ. ಉಳಿದವರಿಗೆಲ್ಲ ಅವಳು ತಿದ್ದಕ್ಕ. ಮೂವತ್ತೊಂದು ವರ್ಷ ಒಂದೇ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ಅಚ್ಚಿಗೆ ಹೋಗುವ ಮುಂಚೆ ಪ್ರತಿ ಪುಟವನ್ನೂ ಓದಿ, ಬಿಟ್ಟುಹೋದ ಒತ್ತು, ಎರಡು ಸಲ ಬಂದ ಸಾಲು, ಕರೆಯದೆ ಬಂದು ಕೂತ ಅಲ್ಪವಿರಾಮ ಎಲ್ಲವನ್ನೂ ಕೆಂಪು ಶಾಯಿಯಲ್ಲಿ ಹಿಡಿದುಹಾಕುವುದು ಅವಳ ಕೆಲಸ. ಸಂಜೆ ಕೆಲಸ ಮುಗಿದರೂ ಕಣ್ಣು ಸುಮ್ಮನಿರಬೇಕಲ್ಲ. ಔಷಧಿ ಬಾಟಲಿ, ಬಸ್ಸಿನ ಟಿಕೇಟು, ಗೋಡೆಗೆ ಅಂಟಿಸಿದ ಜಾಹೀರಾತು, ಯಾವುದನ್ನೂ ಅದು ಬಿಟ್ಟದ್ದಿಲ್ಲ. ಒಮ್ಮೆ ದವಡೆ ಊದಿಸಿಕೊಂಡು ಹಲ್ಲಿನ ಡಾಕ್ಟರ ಹತ್ತಿರ ಹೋದವಳು, ಹೊರಗಿನ ಫಲಕದಲ್ಲಿ ‘ಹಲ್ಲು’ ಎನ್ನುವುದು ‘ಹಲು’ ಆಗಿದ್ದನ್ನು ಕಂಡು ತನ್ನ ನೋವನ್ನೇ ಮರೆತಳು. “ಡಾಕ್ಟ್ರೇ, ನನ್ನ ಹಲ್ಲು ಆಮೇಲೆ ನೋಡುವಿರಂತೆ, ಮೊದಲು ನಿಮ್ಮ ಹಲ್ಲಿಗೆ ಒಂದು ಒತ್ತು ಕಟ್ಟಿಸಿ” ಎಂದಳಂತೆ. ಡಾಕ್ಟರು ಫಲಕವನ್ನು ಅದೇ ವಾರ ಹೊಸದಾಗಿ ಬರೆಸಿದರು.

ಈ ಕಣ್ಣು ಮನೆಗೂ ಮುಳುವಾದದ್ದುಂಟು. ತಂಗಿಗೆ ಇಪ್ಪತ್ತರ ವಯಸ್ಸಿನಲ್ಲಿ ಒಬ್ಬ ಹುಡುಗ ಒಂದು ಕಾಗದ ಬರೆದಿದ್ದ. ಅದು ಪುಸ್ತಕದ ನಡುವಿನಿಂದ ಜಾರಿ ಅಕ್ಕನ ಕಾಲ ಬುಡಕ್ಕೆ ಬಿತ್ತು. ಅಕ್ಕ ಬೈಯಲಿಲ್ಲ, ಅಪ್ಪನಿಗೆ ಹೇಳಲಿಲ್ಲ. ಆದರೆ ಒಂದೇ ಪುಟದಲ್ಲಿ ಮೂರು ಕಡೆ ‘ಪ್ರಿತಿ’ ಎಂದಿದ್ದನ್ನು ನೋಡಿ ಸುಮ್ಮನಿರಲಾಗದೆ ಮೂರಕ್ಕೂ ಕೆಂಪು ಶಾಯಿಯಲ್ಲಿ ದೀರ್ಘ ಹಾಕಿ ವಾಪಸು ಪುಸ್ತಕದಲ್ಲಿಟ್ಟಳು. ತಂಗಿ ನೋಡದೆ ಪುಸ್ತಕವನ್ನು ಆ ಹುಡುಗನಿಗೇ ಹಿಂದಿರುಗಿಸಿದಳು. ಅವನು ಮತ್ತೆ ಬರೆಯಲಿಲ್ಲ. ತಂಗಿ ಆರು ತಿಂಗಳು ಮಾತು ಬಿಟ್ಟಳು. ಈಗ ಅವಳೇ ಅದನ್ನು ಬಂದವರೆದುರು ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳುತ್ತಾಳೆ. ನಕ್ಕಾದ ಮೇಲೆ ಸ್ವಲ್ಪ ಹೊತ್ತು ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋಗುತ್ತಾಳೆ. ಅವಳೀಗ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸು. ಅಕ್ಕತಂಗಿ ಇಬ್ಬರೂ ಒಂದೇ ಮನೆಯಲ್ಲಿ, ಎರಡನೇ ಮಹಡಿಯಲ್ಲಿ, ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದಾರೆ.

ಎರಡು ತಿಂಗಳ ಹಿಂದೆ ಮುದ್ರಣಾಲಯದ ಕರಡು ಕೋಣೆಗೆ ಪುಸ್ತಕ ಹೊಲಿಯುವ ಹೊಸ ಯಂತ್ರ ಬಂತು. ಮೇಜುಗಳು ಮೆಟ್ಟಿಲ ಕೆಳಗೆ ಹೋದವು, ಕರಡು ತಿದ್ದುವ ನಾಲ್ವರು ಮನೆಗೆ ಹೋದರು. ಯಜಮಾನರು ಕೆಟ್ಟವರೇನಲ್ಲ, ಆದರೆ ಜಾಗಕ್ಕೆ ಅವರೇನು ಮಾಡಿಯಾರು? ಮನೆಗೆ ಹೋದ ತಿದ್ದಕ್ಕ ಮೊದಲ ವಾರ ಕಪಾಟು ಜೋಡಿಸಿದಳು, ಎರಡನೇ ವಾರ ಜೋಡಿಸಿದ ಕಪಾಟನ್ನೇ ಮತ್ತೆ ಜೋಡಿಸಿದಳು. ಮೂರನೇ ವಾರಕ್ಕೆ ತಂಗಿ, “ಅಕ್ಕಾ, ಇನ್ನೊಂದು ಸಲ ಆ ಕಪಾಟು ಮುಟ್ಟಿದ್ರೆ ನಾನು ಹಾಸ್ಟೆಲಿಗೆ ಹೋಗ್ತೀನಿ” ಎಂದಳು.

ಆಗ ಬಂತು ಯಜಮಾನರ ಫೋನು.

“ಅಮ್ಮಾ, ನಿಘಂಟಿನ ಎರಡನೇ ಸಂಪುಟ ಶುರು ಮಾಡ್ತಿದೀವಿ.”

ತಿದ್ದಕ್ಕ ನಿಂತಲ್ಲೇ ಕೂತಳು. ಆ ನಿಘಂಟನ್ನು ಒಬ್ಬ ಪಂಡಿತರು ನಲವತ್ತು ವರ್ಷ ಊರೂರು ಸುತ್ತಿ, ಕಂಡಕಂಡವರ ಬಾಯಿಂದ ಮಾತು ಹೆಕ್ಕಿ, ಒಂದೊಂದು ಪದಕ್ಕೆ ಒಂದೊಂದು ಚೀಟಿಯಂತೆ ಬರೆದಿಟ್ಟಿದ್ದರು. ‘ಅ’ದಿಂದ ‘ನ’ದವರೆಗಿನ ಮೊದಲ ಸಂಪುಟವನ್ನು ತಿದ್ದಕ್ಕನೇ ಓದಿದ್ದಳು, ಒಂಬತ್ತು ವರ್ಷ. ಅದು ಹೊರಬಂದ ತಿಂಗಳಿಗೇ ಪಂಡಿತರು ತೀರಿಹೋದರು, ಕೆಲಸ ನಿಂತಿತು. ಆರು ವರ್ಷದಿಂದ ತಿದ್ದಕ್ಕನ ಪಾಲಿಗೆ ಅಕ್ಷರಮಾಲೆ ‘ನ’ದಲ್ಲೇ ನಿಂತುಬಿಟ್ಟಿತ್ತು. ತಾನು ಇನ್ನೇನೂ ಕೇಳುವುದಿಲ್ಲ, ‘ಳ’ ಕಾಣುವವರೆಗೆ ಕಣ್ಣು ಚೆನ್ನಾಗಿದ್ದರೆ ಸಾಕು ಎಂದು ತಂಗಿಗೆ ನೂರು ಸಲ ಹೇಳಿದ್ದಳು.

“ಆದ್ರೆ ಈಗ ಕಾಗದ ಇಲ್ಲ” ಎಂದರು ಯಜಮಾನರು. “ಪುಟ ನೆಟ್ಟಲ್ಲೇ ಬರುತ್ತೆ, ನೆಟ್ಟಲ್ಲೇ ವಾಪಸ್ ಬರಬೇಕು, ದಿನಾ. ಇನ್ನೊಬ್ಬರೂ ಕೇಳಿದಾರೆ, ಹೊಸಬರು, ಚುರುಕಾಗಿದಾರೆ. ಶುಕ್ರವಾರ ಹನ್ನೆರಡು ಗಂಟೆಗೆ ನಾಲ್ಕು ಪುಟ ಇಬ್ಬರಿಗೂ ಕಳಿಸ್ತೀನಿ. ನಾಲ್ಕು ಗಂಟೆ ಒಳಗೆ ತಪ್ಪು-ಒಪ್ಪು ಪಟ್ಟಿ ಬರಬೇಕು. ನಿಮ್ಮ ಕೈಲಿ ಆಗುತ್ತಾ, ನೋಡಿ.”

“ಆಗುತ್ತೆ” ಎಂದಳು ತಿದ್ದಕ್ಕ. ಅವಳ ಹತ್ತಿರ ಆಗ ಇದ್ದದ್ದು ಗುಂಡಿ ಒತ್ತುವ ಫೋನು, ಮತ್ತು ತಂಗಿ ಎಂಟು ವರ್ಷ ಉಪಯೋಗಿಸಿ ಮಂಚದ ಕೆಳಗೆ ತಳ್ಳಿದ್ದ ಒಂದು ಲ್ಯಾಪ್‌ಟಾಪು.

ನೆಟ್ಟು ಕೊಡಲು ಒಪ್ಪಿದವನು ಕೆಳಗಿನ ಅಂಗಡಿಯ ಬೀಗದಣ್ಣ. ಬೀಗ ರಿಪೇರಿ, ನಕಲಿ ಕೀಲಿ ಮಾಡುವುದು ಅವನ ಕಸುಬು. ಬೀದಿಯ ಅರ್ಧ ಮನೆಗಳ ಕೀಲಿ ಅವನ ಕೈಯಿಂದಲೇ ಆದವು. ತನ್ನ ಮನೆಯ ಕೀಲಿಯನ್ನು ಮಾತ್ರ ವಾರಕ್ಕೊಮ್ಮೆ ಕಳೆದುಕೊಂಡು ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಚದುರಂಗದ ಆಟ ನೋಡುವುದಕ್ಕೆ ವೈಫೈ ಹಾಕಿಸಿಕೊಂಡಿದ್ದ. “ಮೇಲಿನವರೆಗೂ ಬರುತ್ತೆ, ಹಿಡ್ಕೊಳ್ಳಿ” ಎಂದು ಒಂದು ಚೀಟಿಯಲ್ಲಿ ಹೆಸರನ್ನೂ ಪಾಸ್‌ವರ್ಡನ್ನೂ ಇಂಗ್ಲಿಷ್ ಅಕ್ಷರದಲ್ಲಿ ಗೀಚಿ ಕೊಟ್ಟ. ಪಾಸ್‌ವರ್ಡು ‘ಬೀಗದಕೈ’. ತಿದ್ದಕ್ಕ ನಕ್ಕಳು. ಮನೆಗೆ ಬಂದು, ಕೋಳಿ ಕೆದಕಿದ ಹಾಗಿದ್ದ ಆ ಬರಹವನ್ನು ತನ್ನ ದುಂಡು ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡು, ಚೀಟಿಯನ್ನು ಮುದುರಿ ಎಸೆದಳು.

ಗುರುವಾರ ಮಧ್ಯಾಹ್ನ ಕಿಟಕಿಯ ಹತ್ತಿರ ಮೇಜು ಎಳೆದು, ಲ್ಯಾಪ್‌ಟಾಪಿನ ಧೂಳು ಒರೆಸಿ ಕೂತಳು. ವೈರು ಕಿತ್ತರೆ ಮೂರು ನಿಮಿಷಕ್ಕೆ ಪ್ರಾಣ ಬಿಡುವ ಬ್ಯಾಟರಿ, ಆದ್ದರಿಂದ ವೈರು ಕಿತ್ತುಬರದಂತೆ ಅದರ ಮೇಲೊಂದು ದಪ್ಪ ಪುಸ್ತಕ ಇಟ್ಟಳು. ಯಂತ್ರ ಗೊರಗೊರ ಸದ್ದು ಮಾಡಿ, ಬಹಳ ಹೊತ್ತು ಯೋಚಿಸಿ ಎದ್ದಿತು. ಊಟದ ಬಿಡುವಿನಲ್ಲಿ ತಂಗಿ ಆಸ್ಪತ್ರೆಯಿಂದ ಫೋನು ಮಾಡಿದಳು.

“ಕೆಳಗೆ ಬಲಗಡೆ ಮೂಲೇಲಿ ನೋಡಕ್ಕಾ. ಮೆಟ್ಟಿಲು ಮೆಟ್ಟಿಲಾಗಿ ಗೆರೆ ಕಾಣುತ್ತಾ?”

“ಕಾಣುತ್ತೆ. ಅದರ ಮೇಲೆ ಕೆಂಪಗೆ ಕಾಟು ಹಾಕಿದೆ. ಯಾರೋ ನನಗಿಂತ ಮುಂಚೆ ತಿದ್ದಿ ಹೋಗಿದಾರೆ.”

“ತಮಾಷೆ ಸಾಕು. ವೈಫೈ ಆಫ್ ಆಗಿದೆ ಅಂತ ಅರ್ಥ. ಮುಂದಿನ ಅಂಚಲ್ಲಿ ಒಂದು ಪುಟ್ಟ ಗುಂಡಿ ಇತ್ತು, ಪಕ್ಕಕ್ಕೆ ಸರಿಸೋದು. ಹುಡುಕು.”

ಹುಡುಕಿದಳು. ಅಕ್ಕಿಕಾಳಿನಷ್ಟು ಗುಂಡಿ, ಎಂಟು ವರ್ಷದ ಧೂಳು ತಿಂದು ಬಿಗಿದುಕೊಂಡಿತ್ತು. ಉಗುರಿಗೆ ಬಗ್ಗಲಿಲ್ಲ, ತಲೆಪಿನ್ನಿಗೆ ಬಗ್ಗಿತು. ಕಿತ್ತಳೆ ಬಣ್ಣದ ದೀಪ ನೀಲಿಯಾಯಿತು, ಕೆಂಪು ಕಾಟು ಹೋಯಿತು, ಪರದೆಯಲ್ಲಿ ಅಕ್ಕಪಕ್ಕದವರ ವೈಫೈ ಹೆಸರುಗಳೆಲ್ಲ ಸಾಲಾಗಿ ಬಂದು ನಿಂತವು. ಬೀಗದಣ್ಣ ಬರೆದುಕೊಟ್ಟಿದ್ದ ಹೆಸರಿನ ಕೊನೆಯಲ್ಲಿ ಐದರ ಅಂಕಿ ಇತ್ತು. ಐದು ಇಲ್ಲದ ಅದೇ ಹೆಸರು ಪಟ್ಟಿಯಲ್ಲಿತ್ತು, ಐದು ಇದ್ದದ್ದು ಇರಲಿಲ್ಲ. ಒಂದಂಕಿ ಬಿಟ್ಟುಹೋದರೆ ಅದು ಬೇರೆಯದೇ ಎಂದು ಮೂವತ್ತೊಂದು ವರ್ಷ ವಾದಿಸಿದವಳು ಅದನ್ನು ಮುಟ್ಟುವಳೇ? ಮೆಟ್ಟಿಲಿಳಿದು ಹೋದಳು.

ಬೀಗದಣ್ಣ ಅರದಿಂದ ಕೀಲಿಯ ಹಲ್ಲು ಉಜ್ಜುತ್ತಿದ್ದ. “ನಮ್ಮ ವೈಫೈ ಡಬ್ಬಿ ಎರಡು ಹೆಸರಲ್ಲಿ ಕೂಗುತ್ತಂತೆ ತಿದ್ದಕ್ಕ, ನೆಟ್ಟು ಹಾಕಿದವನು ಹೇಳಿದ್ದ. ಐದು ಅಂತಿರೋದು ಹೊಸ ಯಂತ್ರಗಳಿಗೆ. ಹಳೇದಕ್ಕೆ ಅದು ಕೇಳ್ಸೋದೇ ಇಲ್ಲ. ಐದು ಇಲ್ಲದ್ದೂ ನಂದೇ, ಹಿಡೀರಿ.”

ಹತ್ತಿ ಬಂದು ಹಿಡಿದಳು. ಪಾಸ್‌ವರ್ಡು ಕೇಳಿತು. ನೋಟ್‌ಬುಕ್ಕನ್ನು ನಿಲ್ಲಿಸಿಟ್ಟುಕೊಂಡು ಒಂದೊಂದೇ ಅಕ್ಷರ ಒತ್ತಿದಳು. ಒತ್ತಿದ ಅಕ್ಷರ ಕಾಣದೆ ಬರೀ ಚುಕ್ಕೆಗಳು ಬಂದವು. ಬರೆದದ್ದನ್ನು ಬರೆದವಳಿಂದಲೇ ಮುಚ್ಚಿಡುವ ಈ ಪದ್ಧತಿ ಅವಳಿಗೆ ಒಂಚೂರೂ ಹಿಡಿಸಲಿಲ್ಲ. ತಪ್ಪು ಎಂದಿತು ಯಂತ್ರ. ಇನ್ನೊಮ್ಮೆ ಒತ್ತಿದಳು. ತಪ್ಪು. ಏಳು ಸಲ ಒತ್ತಿದಳು, ಏಳು ಸಲವೂ ತಪ್ಪು. ಬದುಕಿನಲ್ಲಿ ಅವಳಿಗೆ ಯಾರೂ ಒಂದೇ ಮಧ್ಯಾಹ್ನ ಏಳು ಸಲ ತಪ್ಪು ಎಂದಿರಲಿಲ್ಲ.

ಸಂಜೆ ತಂಗಿ ಬಂದಳು, ಚೀಲ ಇಳಿಸದೆಯೇ ಅದೇ ನೋಟ್‌ಬುಕ್ ನೋಡಿ ಒತ್ತಿದಳು. ತಪ್ಪು. ಯಂತ್ರಕ್ಕೆ ಆ ಹೆಸರನ್ನು ಮರೆಸಿ ಹೊಸದಾಗಿ ಪರಿಚಯ ಮಾಡಿಸಿದಳು, ಯಂತ್ರವನ್ನು ಆರಿಸಿ ಹೊತ್ತಿಸಿದಳು. ಬೀಗದಣ್ಣ ಕೆಳಗೆ ತನ್ನ ಡಬ್ಬಿಯನ್ನು ಆರಿಸಿ, ಮೂವತ್ತು ಎಣಿಸಿ ಹೊತ್ತಿಸಿದ. ಏನು ಮಾಡಿದರೂ ಅದು ಜಪ್ಪಯ್ಯ ಅನ್ನಲಿಲ್ಲ.

“ಅಕ್ಕಾ, ಇದು ಮುದಿಯಾಗಿದೆ, ಬಿಟ್ಟುಬಿಡು. ನಾಳೆ ಒಂದು ದಿನ ನನ್ನ ಫೋನು ಮನೇಲೇ ಬಿಟ್ಟು ಹೋಗ್ತೀನಿ, ಅದರಲ್ಲೇ ನೆಟ್ಟು ತಗೋ.”

“ಆಸ್ಪತ್ರೇಲಿ ಆಪರೇಷನ್ ಇರೋ ದಿನ ಫೋನಿಲ್ದೆ ಹೋಗ್ತೀಯಾ? ಇದು ಒಂದು ದಿನದ ಕೆಲಸ ಅಲ್ಲ, ವರ್ಷಗಟ್ಟಲೆ ಇದೆ. ದಿನಾ ನಿನ್ನ ಫೋನಿಗೆ ಕೈ ಒಡ್ಡಲಾ? ಮುದಿಯಾಗಿದ್ರೆ ಆಗ್ಲಿ, ನಾನೇನು ಎಳೇ ಮಗುವಾ? ಇಬ್ಬರೂ ಕೂತು ಮಾಡ್ಕೋತೀವಿ ನಡಿ.”

ತಂಗಿ ಮೂಗು ಮುರಿದು ಅಡುಗೆಮನೆಗೆ ಹೋದಳು. ಅಕ್ಕ ಹಠಕ್ಕೆ ಬಿದ್ದರೆ ಊಟದ ತಟ್ಟೆಯೇ ಅವಳ ಹತ್ತಿರ ಹೋಗಬೇಕು ಎನ್ನುವುದು ಅವಳಿಗೆ ಗೊತ್ತಿತ್ತು.

ಶುಕ್ರವಾರ ಬೆಳಗ್ಗೆ ತಿದ್ದಕ್ಕನಿಗೆ ಒಂದು ಹೊಳೆಯಿತು. ಹಳೇ ಕೀಲಿಮಣೆ, ನಾಲ್ಕು ಗುಂಡಿಗಳ ಮೇಲಿನ ಅಕ್ಷರವೇ ಅಳಿಸಿಹೋಗಿದೆ. ಯಾವುದಾದರೂ ಗುಂಡಿ ಕೈ ಕೊಡುತ್ತಿರಬಹುದು. ಖಾಲಿ ಹಾಳೆ ತೆರೆದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಲ್ಲ ಗುಂಡಿ ಒತ್ತಿ ನೋಡಿದಳು. ಎಲ್ಲವೂ ಸರಿಯಾಗಿದ್ದವು. ಹಾಗಾದರೆ ಪಾಸ್‌ವರ್ಡನ್ನೇ ಇಲ್ಲಿ ಒತ್ತಿ ನೋಡೋಣ, ಚುಕ್ಕೆ ಇಲ್ಲದೆ ಕಾಣುತ್ತದಲ್ಲ ಎಂದುಕೊಂಡಳು. ಅದು ನಿಜವಾಗಿಯೂ ಜಾಣ ಯೋಚನೆ. ಒತ್ತಿದಳು, ಕನ್ನಡಕ ಏರಿಸಿಕೊಂಡು ಓದಿದಳು. ಬೀಗದಕೈ. ಅಕ್ಷರ ಅಕ್ಷರವಾಗಿ ಬಿಡಿಸಿ ಇನ್ನೊಮ್ಮೆ ಓದಿದಳು. ಕಡ್ಡಿ ತೂರಿಸುವಷ್ಟೂ ತಪ್ಪಿರಲಿಲ್ಲ.

ಗಡಿಯಾರ ಹನ್ನೆರಡು ಹೊಡೆಯಿತು. ಎಲ್ಲೋ ಪುಟಗಳು ಹೊರಟಿದ್ದವು, ಇನ್ನೊಬ್ಬರ ಮನೆಯಲ್ಲಿ ತೆರೆದುಕೊಂಡಿದ್ದವು. ‘ಪ’ ಅವರ ಮುಂದೆ ಇತ್ತು. ತಿದ್ದಕ್ಕ ಎದ್ದು ನೀರು ಕುಡಿದಳು, ಬಂದು ಮತ್ತೆ ಕೂತಳು, ಮತ್ತೆ ಒತ್ತಿದಳು.

ಒಂದೂವರೆಗೆ ಬೀಗದಣ್ಣ ಊಟಕ್ಕೆ ಅಂಗಡಿ ಮುಚ್ಚಿ, ಏನಾಯಿತೆಂದು ನೋಡಲು ಮೇಲೆ ಹತ್ತಿ ಬಂದ. ಮೊಣಕಾಲು ಹಿಡಿದುಕೊಂಡು ಬಾಗಿಲಲ್ಲೇ ಒಂದು ನಿಮಿಷ ನಿಂತ.

“ಇನ್ನೂ ಆಗ್ಲಿಲ್ವಾ?”

“ನಿಮ್ಮ ಬೀಗ ನಿಮ್ಮ ಕೀಲಿಗೇ ತೆಗೀತಿಲ್ಲ ನೋಡಿ.”

ಅವನು ನೋಟ್‌ಬುಕ್ಕನ್ನು ಎತ್ತಿ ನೋಡಿದ. “ಇದು ನನ್ನ ಅಕ್ಷರ ಅಲ್ವಲ್ಲ. ನಾನು ಕೊಟ್ಟ ಚೀಟಿ ಎಲ್ಲಿ?”

“ಎಸೆದೆ. ಅದನ್ನ ನೋಡಿಯೇ ಇದನ್ನ ಬರ್ಕೊಂಡಿದ್ದು.”

“ಅಯ್ಯೋ! ನಕಲು ಇಟ್ಕೊಂಡು ನಕಲು ಮಾಡ್ತಿದೀರಲ್ಲ” ಎಂದ ಬೀಗದಣ್ಣ. ಅವನಿಗೆ ನಿಜವಾಗಿಯೂ ಬೇಸರವಾಗಿತ್ತು. “ನಮ್ಮಲ್ಲಿ ಗಿರಾಕಿ ನಕಲಿ ಕೀಲಿ ತಂದು ಇನ್ನೊಂದು ಮಾಡಿಕೊಡು ಅಂದ್ರೆ ನಾನು ಮುಟ್ಟಲ್ಲ. ಅಸಲು ತನ್ನಿ ಅಂತೀನಿ. ನಕಲಲ್ಲಿ ಕೂದಲೆಳೆ ಹೆಚ್ಚುಕಮ್ಮಿ ಆಗಿದ್ರೆ ಕಣ್ಣಿಗೆ ಕಾಣಲ್ಲ, ಬೀಗಕ್ಕೆ ಮಾತ್ರ ಗೊತ್ತಾಗುತ್ತೆ. ಇರಿ, ಡಬ್ಬಿ ಕೆಳಗೆ ಅಂಟಿಸಿದ್ದು ಇನ್ನೊಂದಿದೆ.”

ಇಳಿದು ಹೋಗಿ, ಆ ಚೀಟಿ ಕಿತ್ತುಕೊಂಡು, ಏದುಸಿರು ಬಿಡುತ್ತ ಮತ್ತೆ ಹತ್ತಿ ಬಂದ. ಓದಲಿಲ್ಲ. ಕೀಲಿಯ ಮೇಲೆ ಕೀಲಿ ಇಟ್ಟು ನೋಡುವ ಹಾಗೆ ಚೀಟಿಯ ಅಂಚನ್ನು ಅವಳ ಬರಹದ ಕೆಳಗಿಟ್ಟು, ಹೆಬ್ಬೆರಳ ಉಗುರಿನಿಂದ ಒಂದೊಂದೇ ಅಕ್ಷರ ಮುಟ್ಟುತ್ತ ಹೋದ. ಎರಡನೆಯದಕ್ಕೇ ಉಗುರು ನಿಂತಿತು.

“ಇಲ್ಲಿ. ನಿಮ್ಮದರಲ್ಲಿ ಒಂದು ಹಲ್ಲು ಹೆಚ್ಚಿದೆ.”

ತಿದ್ದಕ್ಕ ಬಗ್ಗಿ ನೋಡಿದಳು. ಬೀಗದಣ್ಣ ಇಂಗ್ಲಿಷಿನ ‘ಬಿ’ ಆದ ಮೇಲೆ ಒಂದೇ ಒಂದು ‘ಐ’ ಬರೆದಿದ್ದ. ಓದಿದರೆ ಅದು ‘ಬಿಗದಕೈ’ ಆಗುತ್ತಿತ್ತು. ಅವಳ ನೋಟ್‌ಬುಕ್ಕಿನಲ್ಲಿ ಅಲ್ಲಿ ‘ಐ’ ಇರಲಿಲ್ಲ, ಅದರ ಜಾಗದಲ್ಲಿ ಇಂಗ್ಲಿಷಿನ ಎರಡು ‘ಇ’ಗಳು ದುಂಡಗೆ ಕೂತಿದ್ದವು. ಬೀಗಕ್ಕೆ ದೀರ್ಘವಿಲ್ಲದ್ದನ್ನು ಕಣ್ಣು ಕಂಡಿತ್ತು, ಕೈ ತಿದ್ದಿತ್ತು, ಅವಳಿಗೆ ಒಂದು ಮಾತೂ ತಿಳಿಸಿರಲಿಲ್ಲ. ಒಂದು ದಿನ ಪೂರ್ತಿ ಅವಳು ಸರಿಯಾದದ್ದನ್ನೇ ಒತ್ತಿ ಒತ್ತಿ ಬಾಗಿಲ ಹೊರಗೆ ನಿಂತಿದ್ದಳು.

“ನನ್ನದೇ ತಪ್ಪೇನೋ” ಎಂದ ಬೀಗದಣ್ಣ ಸಂಕೋಚದಿಂದ, ಚೀಟಿಯನ್ನು ಮಡಿಸುತ್ತ. “ಓದಿದ್ದು ನಾಲ್ಕನೇ ಕ್ಲಾಸು. ನಿಮ್ಮ ಕೈಗೆ ಏನಾದ್ರೂ ಬರೆದು ಕೊಡೋಕೆ ನನಗೆ ಮೊದಲೇ ಹೆದರಿಕೆ.”

“ನಿಮ್ಮದು ತಪ್ಪಲ್ಲ ಅಣ್ಣ. ಆ ಡಬ್ಬಿಗೆ ನೀವು ಬರೆದದ್ದೇ ಸರಿ. ನಾನು ಮೂಲ ಎಸೆದೆ.”

ಆ ಮಾತು ಹೇಳುವಾಗಲೇ ಅವಳಿಗೆ ನಾಚಿಕೆಯಾಯಿತು. ಮೂಲಪ್ರತಿ ಪಕ್ಕದಲ್ಲಿಲ್ಲದೆ ಕರಡು ಮುಟ್ಟಬಾರದು ಎಂದು ಅವಳಿಗೆ ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಹೇಳಿದ್ದರು. ಹತ್ತು ವರ್ಷ ಹಾಗೆಯೇ ನಡೆದಳು. ಆಮೇಲೆ ಕಣ್ಣು ಪಳಗಿತು, ಮೂಲ ತರಿಸುವುದು ಹೊತ್ತು ಕಳೆಯುವ ಕೆಲಸ ಎನ್ನಿಸಿತು. ತಿದ್ದಕ್ಕನಿಗೆ ಮೂಲ ಬೇಡ, ಅವಳೇ ಮೂಲ ಎಂದು ಮುದ್ರಣಾಲಯದವರು ಹೊಗಳುತ್ತಿದ್ದರು. ಅವಳೂ ಅದನ್ನು ಕೇಳಿ ಒಳಗೊಳಗೇ ಉಬ್ಬುತ್ತಿದ್ದಳು.

ಈಗ ಉಬ್ಬುವುದಕ್ಕೂ ಕುಗ್ಗುವುದಕ್ಕೂ ಹೊತ್ತಿರಲಿಲ್ಲ. ಚೀಟಿಯನ್ನು ಇಸಿದುಕೊಂಡು, ಎದುರಿಗಿಟ್ಟುಕೊಂಡು, ಹಲ್ಲು ಕಚ್ಚಿ ಒಂದೇ ‘ಐ’ ಒತ್ತಿದಳು. ಬೆರಳು ಇನ್ನೇನನ್ನೋ ಹುಡುಕಿತು, ಬಿಡಲಿಲ್ಲ. ಮೂಲೆಯ ಗೆರೆಗಳು ಒಂದೊಂದಾಗಿ ತುಂಬಿಕೊಂಡವು.

“ಬಂತು!” ಎಂದು ಬೀಗದಣ್ಣ ಕೂಗಿದ.

ಬಂದದ್ದು ಸಂಪರ್ಕ, ಪುಟವಲ್ಲ. ನೆಟ್ಟಿನ ಅಂಚೆ ತೆರೆಯಲು ಹೋದರೆ ಇದು ಸುರಕ್ಷಿತವಲ್ಲ, ಮುಂದೆ ಹೋಗಬೇಡಿ ಎಂದು ಯಂತ್ರ ಅಡ್ಡ ನಿಂತಿತು. ಬೀಗದಣ್ಣ ತಲೆ ಮೇಲೆ ಕೈ ಹೊತ್ತ. ಗಂಟೆ ಎರಡು ಕಳೆದಿತ್ತು. ತಿದ್ದಕ್ಕ ಆ ಎಚ್ಚರಿಕೆಯನ್ನು ಮೊದಲಿಂದ ಕೊನೆಯವರೆಗೆ ಓದಿದಳು; ಸಾಮಾನ್ಯವಾಗಿ ಯಾರೂ ಓದದ ಆ ಸಣ್ಣ ಅಕ್ಷರದ ಸಾಲನ್ನೂ ಓದಿದಳು. ನಿಮ್ಮ ಯಂತ್ರದ ದಿನಾಂಕ ಸರಿಯಿದೆಯೇ ನೋಡಿ ಎಂದು ಅಲ್ಲಿ ಬರೆದಿತ್ತು. ಕೆಳಗಿನ ಮೂಲೆ ನೋಡಿದಳು. ಹತ್ತಾರು ವರ್ಷದ ಹಿಂದಿನ ಜನವರಿ ಒಂದು ಎಂದಿತ್ತು.

“ಒಳಗೊಂದು ಗುಂಡು ಸೆಲ್ ಇರುತ್ತೆ, ಗಡಿಯಾರದ್ದು. ಅದು ಸತ್ತಿರಬೇಕು” ಎಂದ ಬೀಗದಣ್ಣ.

“ಇದು ತಪ್ಪೇ ತಾನೆ?” ಎಂದು ಅವಳು ಕೇಳಿದಳು. ಗೋಡೆಯ ಕ್ಯಾಲೆಂಡರ್ ನೋಡಿದಳು, ಬೀಗದಣ್ಣನ ಫೋನು ನೋಡಿದಳು, ಎರಡೂ ಒಂದೇ ಹೇಳಿದ ಮೇಲೆ ದಿನಾಂಕ ತಿದ್ದಿದಳು. ಅಂಚೆ ತೆರೆಯಿತು. ನಾಲ್ಕು ಪುಟಗಳು ಅಲ್ಲಿ ಕಾದು ಕೂತಿದ್ದವು.

ಬೀಗದಣ್ಣ ಬೆಕ್ಕಿನ ಹೆಜ್ಜೆಯಲ್ಲಿ ಹೊರಗೆ ಹೋಗಿ ಬಾಗಿಲೆಳೆದುಕೊಂಡ. ತಿದ್ದಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದಳು. ಮೊದಲ ಪುಟದಲ್ಲಿ ಒಂಬತ್ತು ತಪ್ಪು, ಎರಡನೆಯದರಲ್ಲಿ ಆರು. ಪಟ್ಟಿಯಲ್ಲಿ ಒಂದೊಂದನ್ನೇ ಒತ್ತುತ್ತ ಹೋದಳು. ಆರು ವರ್ಷದ ಮೇಲೆ ‘ನ’ ದಾಟಿದ ಸಂತೋಷಕ್ಕೆ ಅವಳ ಕಾಲು ಮೇಜಿನ ಕೆಳಗೆ ತಾಳ ಹಾಕುತ್ತಿತ್ತು.

ಮೂರೂವರೆಗೆ ನಾಲ್ಕನೇ ಪುಟ. ‘ಪಸೆ: ತೇವ, ಒದ್ದೆ’ ಎಂದು ಪದ ಕೊಟ್ಟು, ಕೆಳಗೆ ಉದಾಹರಣೆಯ ವಾಕ್ಯವಿತ್ತು: ‘ಗೋಡೆಯ ಪಸಿ ಇನ್ನೂ ಆರಿಲ್ಲ.’ ಪಸೆ ಎಂಬಲ್ಲಿ ಪಸಿ. ಕಣ್ಣಿಗೆ ರಾಚುವ ಅಚ್ಚಿನ ತಪ್ಪು. ಅವಳ ಕೈ ಆಗಲೇ ಪಟ್ಟಿಯಲ್ಲಿ ಪುಟ ನಾಲ್ಕು, ಸಾಲು ಹನ್ನೊಂದು ಎಂದು ಒತ್ತಿಬಿಟ್ಟಿತ್ತು. ಅಲ್ಲಿಗೆ ಕೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಯಜಮಾನರಿಗೆ ಫೋನು ಮಾಡಿದಳು.

“ನಾಲ್ಕನೇ ಪುಟ, ಪಸೆ. ಅದರ ಮೂಲ ಚೀಟಿ ನೋಡಬೇಕಿತ್ತು.”

“ಚೀಟಿ ಯಾಕಮ್ಮ? ಅದು ಅಚ್ಚಿನ ತಪ್ಪು, ಗೊತ್ತಾಗುತ್ತಲ್ಲ. ಇನ್ನೊಬ್ಬರು ಎರಡು ಗಂಟೆಗೇ ಎಲ್ಲ ಕಳಿಸಿದಾರೆ. ಇನ್ನು ಇಪ್ಪತ್ತು ನಿಮಿಷ ಇದೆ, ನಿಮ್ಮದು ಕಳಿಸಿಬಿಡಿ.”

“ಉಳಿದದ್ದೆಲ್ಲ ಈಗಲೇ ಕಳಿಸ್ತೀನಿ. ಇದೊಂದನ್ನ ಮೂಲ ನೋಡದೆ ಮುಟ್ಟಲ್ಲ.”

“ಮೂವತ್ತು ವರ್ಷ ಇಂಥ ಸಾವಿರ ತಿದ್ದಿದೀರಿ. ಒಂದು ದಿನ ಚೀಟಿ ಕೇಳಿದ್ದಿಲ್ಲ.”

“ಇವತ್ತು ಕೇಳ್ತಿದೀನಿ.”

ಕೆಲಸ ಕೈಬಿಟ್ಟು ಹೋಗುತ್ತಿದೆ ಎಂದು ಅವಳಿಗೆ ಅನ್ನಿಸಿತು. ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ. ಆ ಕಡೆ ಯಜಮಾನರು ಉಸ್ಸಪ್ಪಾ ಎನ್ನುವುದು, ಕುರ್ಚಿ ಸರಿಯುವುದು, ತಗಡಿನ ಡಬ್ಬದ ಮುಚ್ಚಳ ತೆಗೆಯುವುದು ಕೇಳಿಸಿತು. ಅವರು ಹುಡುಕುವಷ್ಟರಲ್ಲಿ ಅವಳು ಪಟ್ಟಿಯನ್ನು ಕಳಿಸಿದಳು. ಆ ಸಾಲಿನ ಮುಂದೆ ‘ಮೂಲ ನೋಡಿಲ್ಲ, ತಿದ್ದಿಲ್ಲ’ ಎಂದಷ್ಟೇ ಬರೆದಳು. ನಾಲ್ಕಕ್ಕೆ ಹತ್ತು ನಿಮಿಷವಿತ್ತು.

“ಸಿಕ್ತು” ಎಂದರು ಯಜಮಾನರು. ನಿಧಾನವಾಗಿ ಓದಿದರು. “ಗೋಡೆಯ ಪಸಿ ಇನ್ನೂ ಆರಿಲ್ಲ. ಪಸಿ ಅಂತಲೇ ಬರೆದಿದಾರೆ. ಕೆಳಗೆ ಸಣ್ಣದಾಗಿ ಇನ್ನೊಂದು ಸಾಲಿದೆ: ಗಾರೆ ಕೆಲಸದ ಹೆಂಗಸಿನ ಮಾತು, ಅವಳು ಆಡಿದಂತೆಯೇ ಇಡಬೇಕು.”

ತಿದ್ದಕ್ಕ ಪಟ್ಟಿಯಲ್ಲಿ ತಾನು ಬರೆದಿದ್ದ ಆ ಸಾಲನ್ನು ಇನ್ನೊಮ್ಮೆ ಓದಿಕೊಂಡಳು.

“ಇನ್ನೊಬ್ಬರು ಪಸೆ ಅಂತ ತಿದ್ದಿ ಕಳಿಸಿದ್ರು. ನಾನೂ ಸರಿ ಅಂತ ಗುರುತು ಹಾಕಿಬಿಟ್ಟಿದ್ದೆ” ಎಂದರು ಯಜಮಾನರು. ದನಿ ತಗ್ಗಿತ್ತು. “ಸೋಮವಾರದಿಂದ ಪುಟ ನಿಮಗೇ ಬರುತ್ತಮ್ಮ. ಚೀಟಿ ಸಮೇತ ಕಳಿಸ್ತೀನಿ. ಸಂತೋಷ ತಾನೆ?”

ಸಂತೋಷವಾಗಬೇಕಿತ್ತು, ಆಗಿಯೂ ಇತ್ತು. ಆದರೆ ತಿದ್ದಕ್ಕನ ಕಣ್ಣು ಗೋಡೆಯ ಕಪಾಟಿನಲ್ಲಿದ್ದ ಮೊದಲ ಸಂಪುಟಕ್ಕೆ ಹೋಗಿ ಅಲ್ಲೇ ನಿಂತಿತು. ಸಾವಿರದ ನೂರು ಪುಟ, ಒಂಬತ್ತು ವರ್ಷ, ಒಂದು ಚೀಟಿಯನ್ನೂ ಕೇಳಿರಲಿಲ್ಲ. ಅದರಲ್ಲಿ ಎಷ್ಟು ಜನರ ಬಾಯಿಯ ಮಾತನ್ನು ಕೆಂಪು ಶಾಯಿಯಲ್ಲಿ ಸರಿಮಾಡಿ ಕೊಂದಿದ್ದೇನೋ ಎಂದು ಅವಳು ನೆನೆದಳು.

“ಯಜಮಾನ್ರೇ, ಮೊದಲನೇ ಸಂಪುಟದ ಚೀಟಿಗಳು ಇವೆಯಾ?”

“ಅದು ಅಚ್ಚಾಗಿ ಆರು ವರ್ಷ ಆಯ್ತಲ್ಲಮ್ಮ.”

“ಇವೆಯಾ?”

“ಇವೆ. ಏಳು ಡಬ್ಬ.”

“ಅವನ್ನೂ ಕಳಿಸಿ” ಎಂದಳು ತಿದ್ದಕ್ಕ. “‘ಅ’ದಿಂದಲೇ ಕಳಿಸಿ.”